ಮಳೆಗಾಲದ ಗಿಟಾರ್ ಮತ್ತು ತೋಟದ ಬೀಟೆ



ಕೊಡಗಿನ ಕೆಲವು ತೋಟದ ಮನೆಗಳಲ್ಲಿ ಹಾಕಿ ಕೋಲು ಒರಗಿಸಿಟ್ಟ ಮೂಲೆಯಲ್ಲೇ ಒಂದು ಗಿಟಾರ್ ಕೂಡ ಇರುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓದುವಾಗ ಕಲಿತು, ಊರಿಗೆ ಮರಳಿ ತೋಟದ ಹೊಣೆ ಹೊತ್ತವರ ವಾದ್ಯವದು. ಇವರು ವೃತ್ತಿಯ ಕಲಾವಿದರಲ್ಲ. ನುಡಿಸುವುದನ್ನು ಬಿಟ್ಟವರೂ ಅಲ್ಲ. ಅರೆಸಕ್ರಿಯರು ಎನ್ನಬಹುದು. ಈ ನಾಡಿಗೆ ಇದು ಹೊಸ ಬಗೆಯೇನಲ್ಲ. ದುಡಿ ಹಿಡಿದು, ಇಬ್ಬರಿಬ್ಬರಾಗಿ ಸಾಲು ಹಂಚಿಕೊಂಡು ಹಾಡುವ ನಾಲ್ವರೂ ಉಳಿದ ದಿನಗಳಲ್ಲಿ ಗದ್ದೆ ತೋಟಗಳವರೇ. ಪುತ್ತರಿ, ಮದುವೆ, ಸಾವುಗಳು ಅವರನ್ನು ವಾದ್ಯದ ಬಳಿಗೆ ಕರೆಯುತ್ತವೆ. ಗಿಟಾರ್ ನುಡಿಸುವವರಿಗೆ ಅಂತಹ ಕರೆಯಿಲ್ಲ. ತಮ್ಮ ನೇಮವನ್ನು ತಾವೇ ಕಟ್ಟಿಕೊಳ್ಳಬೇಕು.

ಆ ನೇಮವನ್ನು ನಿರ್ಧರಿಸುವುದು ಕಾಫಿ. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಕುಯಿಲು, ಕಣ, ಕೂಲಿ ಲೆಕ್ಕ. ಆಗ ಗಿಟಾರ್ ಮುಟ್ಟಲು ಪುರಸೊತ್ತಿಲ್ಲ. ಬೆರಳ ತುದಿಯ ಗಟ್ಟಿಚರ್ಮ ಮೆತ್ತಗಾಗುತ್ತದೆ. ಮಾರ್ಚಿಯಲ್ಲಿ ಹೂಮಳೆಗಾಗಿ ಆಕಾಶ ನೋಡುವುದು, ಮೇ ತಿಂಗಳಲ್ಲಿ ಮರಕಪಾತು. ನಿಜವಾದ ಬಿಡುವು ಒದಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ. ಕಕ್ಕಡ ತಿಂಗಳ ಸಂಜೆ ವಿದ್ಯುತ್ತು ಹೋದರೆ ಹೋಯಿತು. ತಂತಿವಾದ್ಯಕ್ಕೆ ಅದರ ಹಂಗಿಲ್ಲ. ಇಪ್ಪತ್ತು ನಿಮಿಷ ಸಾಕು. ಮೊದಲು ಶ್ರುತಿ, ಬಳಿಕ ನಿಧಾನಗತಿಯಲ್ಲಿ ಸ್ವರಶ್ರೇಣಿ, ಎರಡು ಕಾರ್ಡ್‌ಗಳ ನಡುವಿನ ಬದಲಾವಣೆ, ಕೊನೆಗೆ ಗೊತ್ತಿರುವ ಒಂದು ಹಾಡು. ಭಾನುವಾರ ಎರಡು ಗಂಟೆ ಕುಳಿತು ಉಳಿದ ಆರು ದಿನ ಮುಟ್ಟದಿರುವುದಕ್ಕಿಂತ ಇದು ಮೇಲು.

ಆದರೆ ಬಿಡುವು ಇರುವ ಋತುವೇ ವಾದ್ಯಕ್ಕೆ ಅತ್ಯಂತ ಕೆಟ್ಟ ಋತು. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಪಾರ್ಚ್‌ಮೆಂಟ್ ಕಾಫಿಯನ್ನು ಸುಮಾರು ಶೇ. 10 ತೇವಾಂಶಕ್ಕೆ ಒಣಗಿಸಿಟ್ಟರೂ ಮಳೆಗಾಲದಲ್ಲಿ ಅದು ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ಮರವೂ ಹಾಗೆಯೇ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಾಗ ಮರದ ತೇವಾಂಶ ಸುಮಾರು ಶೇ. 9ರಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 90ಕ್ಕೇರಿ ವಾರಗಟ್ಟಲೆ ಹಾಗೆಯೇ ಇದ್ದರೆ ಶೇ. 20ರ ಹತ್ತಿರ ಹೋಗುತ್ತದೆ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಹೀಗಾಗಿ ಗಿಟಾರಿನ ತೆಳುವಾದ ಮೇಲ್ಹಲಗೆ ಉಬ್ಬುತ್ತದೆ, ಅದಕ್ಕೆ ಅಂಟಿಸಿದ ಸೇತುವೆ ಮೇಲೇಳುತ್ತದೆ, ತಂತಿಗಳು ಫ್ರೆಟ್‌ಬೋರ್ಡ್‌ನಿಂದ ದೂರ ಸರಿಯುತ್ತವೆ. ಒತ್ತಲು ಹೆಚ್ಚು ಬಲ ಬೇಕು, ನಾದವೂ ಮಂದ. ನುಡಿಸುವವರು ಇದನ್ನು ಅರಿಯದೆ, ವಯಸ್ಸಾಯಿತು, ಕೈ ಹೋಯಿತು ಎಂದು ತಮ್ಮನ್ನೇ ದೂರಿಕೊಂಡು ವಾದ್ಯವನ್ನು ಅಟ್ಟಕ್ಕೇರಿಸುತ್ತಾರೆ. ಕೈ ಹೋಗಿರುವುದಿಲ್ಲ, ಹಲಗೆ ನೀರು ಕುಡಿದಿರುತ್ತದೆ, ಅಷ್ಟೆ.

ಪರಿಹಾರ ಕಷ್ಟದ್ದಲ್ಲ. ಗಿಟಾರಿಗೆ ಹಿತವಾದ ಆರ್ದ್ರತೆ ಶೇ. 45ರಿಂದ 55. ಮಳೆಗೆ ತೋಯುವ ಹೊರಗೋಡೆಗೆ ತೂಗುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಪೊಟ್ಟಣಗಳನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸದಿದ್ದರೆ ತುಕ್ಕು ಹಿಡಿಯುವುದು ಖಂಡಿತ. ಒಲೆಯ ಮೇಲೆ ಕಟ್ಟುವುದು, ಬಟ್ಟೆಯ ಬೀರುವಿನಂತೆ ಬಲ್ಬು ಉರಿಸಿ ಅದರ ಪಕ್ಕ ಇಡುವುದು ಮಾತ್ರ ಬೇಡ. ಅವಸರದಲ್ಲಿ ಒಣಗಿದ ಹಲಗೆ ಸೀಳುತ್ತದೆ.

ಪರಿಸರದ ಸಭೆಯಲ್ಲಿ ಈ ವಿಚಾರವೇಕೆ ಎಂದರೆ, ಬೆರಳು ಓಡಾಡುವ ಆ ಕಂದು ಹಲಗೆ ಬೀಟೆಯದಾಗಿರುವ ಸಾಧ್ಯತೆ ಬಹಳ. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದ ಬಳಿಕ ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಯತ್ತ ತಿರುಗಿದರು. ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಎಂಬ ನಮ್ಮ ಈ ಮರ ಇಂದು ಅಪಾಯದಂಚಿನ ಪಟ್ಟಿಯಲ್ಲಿದೆ. 2017ರ ಜನವರಿಯಲ್ಲಿ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧ ಇಡೀ ಡಾಲ್ಬರ್ಜಿಯಾ ಕುಲಕ್ಕೆ ವಿಸ್ತರಿಸಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ವಾದ್ಯ ಸರಾಗವಾಗಿ ಗಡಿ ದಾಟಬಹುದು, ಮರದ ಸ್ಥಿತಿ ಅದರಿಂದ ಸುಧಾರಿಸಲಿಲ್ಲ.

ಕೊಡಗಿನ ತೋಟಗಳಲ್ಲಿ ಬೀಟೆ ಕಡಿಮೆಯಾಗಲು ಗಿಟಾರ್ ಒಂದೇ ಕಾರಣವೆನ್ನುವುದು ಅನ್ಯಾಯ. ಪೀಠೋಪಕರಣಗಳ ಬೇಡಿಕೆ ದೊಡ್ಡದು. ಅದಕ್ಕಿಂತ ಮುಖ್ಯವಾದದ್ದು ಹಕ್ಕಿನ ಪ್ರಶ್ನೆ. ಅನ್‌ರಿಡೀಮ್ಡ್ ಜಮೀನಿನಲ್ಲಿ ಮರದ ಬೆಲೆಯನ್ನು ಸರ್ಕಾರಕ್ಕೆ ತುಂಬುವವರೆಗೆ ಮರ ಬೆಳೆಗಾರನದಲ್ಲ. ತನ್ನದಲ್ಲದ ಸಸಿಯನ್ನು ಐವತ್ತು ಅರವತ್ತು ವರ್ಷ ಕಾಯುವವರು ಎಷ್ಟು ಮಂದಿ? ಬೇಗ ಬೆಳೆಯುವ, ಕಡಿಯಲು ತೊಡಕಿಲ್ಲದ, ಕರಿಮೆಣಸು ಹಬ್ಬಿಸಲು ಅನುಕೂಲವಾದ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಆ ಜಾಗ ತುಂಬಿತು. ಬೆಳೆಗಾರನನ್ನು ದೂಷಿಸುವುದಕ್ಕಿಂತ, ತಾನು ನೆಟ್ಟ ನಾಡಮರದ ಮೇಲೆ ಅವನಿಗೆ ಸ್ಪಷ್ಟವಾದ ಹಕ್ಕು ಸಿಗುವಂತೆ ಒತ್ತಾಯಿಸುವುದು ಸಂಘಟನೆಗಳ ಕೆಲಸವಾಗಬೇಕು.

ಅಲ್ಲಿಯವರೆಗೂ ಮಾಡಬಹುದಾದ ಒಂದು ಕೆಲಸವಿದೆ. ಬೀಟೆ ಬೀಜದಿಂದ ಮಾತ್ರವಲ್ಲ, ಬೇರಿನಿಂದಲೂ ಚಿಗುರುತ್ತದೆ. ಹಳೆಯ ಮರದ ಸುತ್ತ ಏಳುವ ಆ ಚಿಗುರುಗಳು ಕಳೆ ಹೊಡೆಯುವಾಗ ಕತ್ತಿಗೆ ಸಿಕ್ಕಿ ಹೋಗುತ್ತವೆ. ಮಳೆ ಹಿಡಿಯುವ ಮುನ್ನ ತೋಟ ಸುತ್ತಿ ನಾಲ್ಕೈದು ಚಿಗುರುಗಳ ಪಕ್ಕ ಗೂಟ ನೆಟ್ಟು, ಬಣ್ಣದ ಬಟ್ಟೆ ಕಟ್ಟಿ, ಕೆಲಸಗಾರರಿಗೆ ತೋರಿಸಿಬಿಡಬೇಕು. ಅರ್ಧ ದಿನದ ಕೆಲಸ. ಸಂಜೆಯ ಇಪ್ಪತ್ತು ನಿಮಿಷಕ್ಕೆ ಮನೆಗೆ ಮರಳಲು ಸಮಯ ಉಳಿಯುತ್ತದೆ.