ಲೆಕ್ಕದ ಪುಸ್ತಕ ನಾವೂ ಓದೋಣ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಪಂಚವಾರ್ಷಿಕ ಯೋಜನೆ ಅಂದರೆ ಪರೀಕ್ಷೆಗೆ ಬಾಯಿಪಾಠ ಮಾಡೋ ಇಸವಿಗಳು ಅಂತ ನಮಗೆ ಕಲಿಸಿದ್ದಾರೆ. ನಿಮ್ಮ ಅಪ್ಪನಿಗೆ ವರ್ಷಕ್ಕೆ ಎಷ್ಟು ದಿನ ಕೂಲಿ ಸಿಕ್ಕಿತು, ಅವ್ವ ಎಷ್ಟು ಹಿಟ್ಟು ಬೇಯಿಸಿದಳು, ನಿಮಗೆ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ, ಇವೆಲ್ಲ ದಿಲ್ಲಿಯಲ್ಲಿ ಬರೆದ ಆ ಲೆಕ್ಕಕ್ಕೆ ಸೇರಿದ ವಿಷಯ.

1956ರ ಎರಡನೇ ಯೋಜನೆ ನೋಡಿ. ಭಿಲಾಯಿ, ರೂರ್ಕೆಲಾ, ದುರ್ಗಾಪುರದಲ್ಲಿ ಉಕ್ಕಿನ ಕಾರ್ಖಾನೆ ಎದ್ದವು. ಒಳ್ಳೇದೇ. ಭೂಮಿಯ ಮೇಲಿನ ಜನಭಾರ ಇಳೀಬೇಕಾದರೆ ಕೈಗಾರಿಕೆ ಬೆಳೀಬೇಕು ಅಂತ ಬಾಬಾಸಾಹೇಬರು 1918ರಲ್ಲೇ ಬರೆದಿದ್ದರು. ಆದರೆ 1947ರಲ್ಲಿ ಅವರು ಇನ್ನೂ ಮುಂದೆ ಹೋದರು. ಭೂಮಿಯೂ ಸರ್ಕಾರದ್ದಾಗಬೇಕು, ಊರವರು ಜಾತಿಭೇದವಿಲ್ಲದೆ ಕೂಡಿ ಉಳಬೇಕು, ಒಡೆಯ, ಗೇಣಿದಾರ, ಭೂಹೀನ ಕೂಲಿ ಯಾರೂ ಇರಬಾರದು ಅಂದರು. ಯೋಜನೆ ಬರೆದವರು ಕಾರ್ಖಾನೆ ಹಿಡಿದರು, ಭೂಮಿಯನ್ನು ರಾಜ್ಯಗಳ ಪಾಲಿಗೆ ಬಿಟ್ಟರು. ನಮ್ಮ ರಾಜ್ಯದಲ್ಲಿ 1974ರ ತಿದ್ದುಪಡಿ ಬಂದಾಗ ಗೇಣಿದಾರ ಅರ್ಜಿ ಹಾಕಿದ. ಗೇಣಿಯೂ ಇಲ್ಲದೆ ಜೀತ ಮಾಡುತ್ತಿದ್ದವನು ಯಾವ ಅರ್ಜಿ ಹಾಕಬೇಕಿತ್ತು?

ಇನ್ನು ಅನ್ನದ ಮಾತು. ಅಮೆರಿಕ 1954ರಲ್ಲಿ ಮಾಡಿದ ಪಿ.ಎಲ್. 480 ಕಾಯ್ದೆಯಡಿ ಅಲ್ಲಿಯ ಗೋಧಿ ಹಡಗಿನಲ್ಲಿ ಬರುತ್ತಿತ್ತು. 1965-66ರ ಬರದ ನಂತರ ಹಸಿರು ಕ್ರಾಂತಿ ಬಂತು. ನೀರಾವರಿ ಇದ್ದವನ ಗೋಧಿ, ಭತ್ತ ಬೆಳೆಯಿತು. ಮಳೆ ನಂಬಿದ ರಾಗಿ, ಜೋಳ, ನವಣೆ ಹಿಂದೆ ಬಿದ್ದವು. ದೇಶದ ಕಣಜ ತುಂಬಿತು. ಹಾಗಾದರೆ ಹಸಿವು ಹೋಯಿತಾ? 2001ರಲ್ಲಿ ಸರ್ಕಾರದ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಧಾನ್ಯ ಇತ್ತು. ಅದೇ ವರ್ಷ, ಜನ ಉಪವಾಸ ಇದ್ದಾರೆ ಅಂತ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಕೈಯಲ್ಲಿ ಕೆಲಸವಿಲ್ಲದವನಿಗೆ ಗೋದಾಮು ತುಂಬಿದರೇನು, ಬರಿದಾದರೇನು? 2013ರ ಆಹಾರ ಭದ್ರತಾ ಕಾಯ್ದೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯವನ್ನು ಹಕ್ಕು ಮಾಡಿತು. ಅದು ಹೋರಾಟದಿಂದ ಬಂದದ್ದು. ಆದರೆ ಧಾನ್ಯದ ಮೇಲೆ ಬೇಳೆ, ಎಣ್ಣೆ, ಮೊಟ್ಟೆ ಬೇಕಲ್ಲ? ಅದು ಕೂಲಿಯಿಂದಲೇ ಬರಬೇಕು.

ಈಗ ನಮ್ಮ ಪಾಲಿನ ಹಣ. ಯೋಜನೆಯ ಹಣದಲ್ಲಿ ನಮ್ಮ ಜನಸಂಖ್ಯೆಯಷ್ಟು ಪಾಲು ತೆಗೆದಿಡಬೇಕು ಅಂತ 1979ರ ಹೊತ್ತಿಗೆ ವಿಶೇಷ ಘಟಕ ಯೋಜನೆ ಬಂತು. ಕೊಟ್ಟ ಮಾತು, ಕಾಯ್ದೆಯಲ್ಲ. 2014ರಲ್ಲಿ ಯೋಜನಾ ಆಯೋಗವನ್ನೇ ಮುಚ್ಚುವ ತೀರ್ಮಾನವಾಯಿತು. 2017ಕ್ಕೆ ಹನ್ನೆರಡನೇ ಯೋಜನೆ ಮುಗಿಯಿತು, ಹದಿಮೂರನೆಯದು ಬರಲಿಲ್ಲ. ಯೋಜನಾ ವೆಚ್ಚ ಅನ್ನೋ ಬಾಬ್ತೇ ಕೇಂದ್ರದ ಬಜೆಟ್ಟಿನಿಂದ ಹೋಯಿತು. ಯೋಜನೆಯೇ ಇಲ್ಲದಾಗ ಅದರಲ್ಲಿ ಪಾಲು ಎಲ್ಲಿಂದ ಕೇಳೋದು?

ಕರ್ನಾಟಕದಲ್ಲಿ ನಮಗೊಂದು ಹಿಡಿ ಇದೆ. 2013ರ ಕಾಯ್ದೆ ಜನಸಂಖ್ಯೆಯ ಪ್ರಮಾಣದಲ್ಲಿ ಹಣ ಇಡಬೇಕು ಅನ್ನುತ್ತೆ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿ, ಪಂಗಡ ಸೇರಿ ಅದು ನೂರಕ್ಕೆ 24.1. ಆದರೆ ಅದೇ ಕಾಯ್ದೆಯ 7(ಡಿ) ಒಂದು ಕಳ್ಳಗಿಂಡಿ ಇಟ್ಟಿತ್ತು. ಎಲ್ಲರೂ ಬಳಸೋ ಕಾಮಗಾರಿಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯಬಹುದಿತ್ತು. ಕೂಗು ಎದ್ದ ಮೇಲೆ 2023ರಲ್ಲಿ ಅದನ್ನು ತೆಗೆದರು. ಓದಿ ಕೇಳಿದವರು ಇದ್ದುದರಿಂದ ಆ ಗಿಂಡಿ ಮುಚ್ಚಿತು.

ಬಜೆಟ್ ಪುಸ್ತಕ ದಪ್ಪ ಅಂತ ಹೆದರಬೇಡಿ. ಇಬ್ಬರು ಕೂತು ನಮ್ಮ ಪಾಲಿನ ಪುಟಗಳನ್ನು ತೆಗೀರಿ. ಯಾವ ಇಲಾಖೆಗೆ ಎಷ್ಟು ಇಟ್ಟರು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಬರೆದುಕೊಳ್ಳಿ. ತಿಳಿಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ಅರ್ಜಿ ಹಾಕಿ. ಬಂದ ಉತ್ತರವನ್ನು ರಜೆಗೆ ಹೋದಾಗ ಕೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಲೆಕ್ಕ ಕೇಳೋನು ಭಿಕ್ಷುಕನಲ್ಲ, ಪಾಲುದಾರ.

ಜೈಭೀಮ್.