ಊರೂರು ತಿರುಗಿ ಲೆಕ್ಕ ಬರೆಯುವ ವಿದ್ಯೆ

(ಅಂಬತ್ತೂರಿನ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನ್ನನ್ನು ಈ ದಿನ ಮಾತಾಡಲು ಕರೆದದ್ದು ನನ್ನ ಪಾಂಡಿತ್ಯವನ್ನು ಕಂಡಲ್ಲ. ನಾನು ವೈದ್ಯನಲ್ಲ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ, ಸಂಬಳದ ಪಟ್ಟಿ ಬರೆದು ನಿವೃತ್ತನಾದ ಗುಮಾಸ್ತ. ಕಳೆದ ತಿಂಗಳು ಇದೇ ವಾಚನಾಲಯದ ಬೆಂಚಿನ ಮೇಲೆ ನಡೆದ ಒಂದು ಮಾತೇ ಇದಕ್ಕೆಲ್ಲ ಕಾರಣ. ನಮ್ಮ ಸದಸ್ಯರೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು, “ರಾಯರೆ, ಮಗಳ ಡಾಕ್ಟರ್ ಓದು ಮುಗಿಯಿತು. ಇನ್ನಾದರೂ ನಾಲ್ಕು ಕಾಸು ಸಂಪಾದಿಸುತ್ತಾಳೆ ಅಂದುಕೊಂಡರೆ, ಇನ್ನೂ ಎರಡು ವರ್ಷ ಓದಿ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ರೋಗಿಯನ್ನು ನೋಡಿ ಔಷಧಿ ಬರೆಯುವುದು ಬಿಟ್ಟು ಊರೂರು ತಿರುಗಿ ಲೆಕ್ಕ ಬರೆಯುವುದೂ ಒಂದು ವಿದ್ಯೆಯೆ?” ಎಂದು ಕೇಳಿದರು.

ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ದೂರದ ಉದಾಹರಣೆ ಬೇಡ. ನಮ್ಮಲ್ಲಿ ಎಷ್ಟೋ ಮಂದಿ ತಾಂಬರಂ ಸ್ಯಾನಟೋರಿಯಂ ಎಂಬ ರೈಲು ನಿಲ್ದಾಣವನ್ನು ದಾಟಿ ಹೋಗಿರುತ್ತೀರಿ. ಹಿಂದೆ ಕ್ಷಯ ಬಂದವನಿಗೆ ಅಂಥ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗುವುದೇ ಚಿಕಿತ್ಸೆ. ಒಳ್ಳೆಯ ಗಾಳಿ, ಒಳ್ಳೆಯ ಊಟ, ಪೂರ್ಣ ವಿಶ್ರಾಂತಿ ಬೇಕು ಎನ್ನುತ್ತಿದ್ದರು. ಶ್ರೀಮಂತ ದೇಶಗಳಿಗೆ ಅದು ಸರಿಹೋಯಿತು. ನಮ್ಮಲ್ಲಿಯಾದರೋ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಅದರ ಒಂದು ಚೂರು. ದುಡಿಯುವವನು ಮಲಗಿದರೆ ಮನೆಯವರ ಗತಿಯೇನು? ಒಂದೇ ಕೋಣೆಯ ಮನೆಯಲ್ಲಿ, ಗಂಜಿ ಕುಡಿದುಕೊಂಡು, ಮಾತ್ರೆ ನುಂಗಿ ಗುಣವಾಗಲು ಸಾಧ್ಯವೆ? ಈ ಪ್ರಶ್ನೆ ಹುಟ್ಟಬೇಕಾದದ್ದು ನಮ್ಮಂಥ ದೇಶದಲ್ಲಿಯೇ.

1956ರಲ್ಲಿ ಮದರಾಸಿನ ಚೇತ್‌ಪಟ್‌ನಲ್ಲಿ ಇದಕ್ಕಾಗಿ ಒಂದು ಕೇಂದ್ರವನ್ನು ತೆರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯ ಸಂಶೋಧನಾ ಮಂಡಳಿ ಇವು ನಾಲ್ಕೂ ಕೂಡಿದುವು. ನಗರದ ಬಡ ಕ್ಷಯರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಪಾಲು ಮಾಡಿದರು. ಒಂದು ಪಾಲು ಆರೋಗ್ಯಧಾಮಕ್ಕೆ, ಇನ್ನೊಂದು ಪಾಲು ತಮ್ಮ ತಮ್ಮ ಮನೆಯಲ್ಲಿಯೇ. ಔಷಧಿ ಇಬ್ಬರಿಗೂ ಒಂದೇ, ಒಂದು ವರ್ಷ. ಮನೆಯಲ್ಲಿದ್ದವರ ಊಟ ಕಡಿಮೆ, ದುಡಿಮೆ ಹೆಚ್ಚು, ಮನೆಯ ತುಂಬ ಜನ. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಪ್ರಪಂಚವೇ ಬೆರಗಾಯಿತು. ಮನೆಯವರು ಆರೋಗ್ಯಧಾಮದವರಷ್ಟೇ ಚೆನ್ನಾಗಿ, ಹೆಚ್ಚು ಕಡಿಮೆ ಸರಿಸಮನಾಗಿ, ಗುಣ ಹೊಂದಿದ್ದರು. ರೋಗಿ ಮನೆಯಲ್ಲಿಯೇ ಇದ್ದ ಮಾತ್ರಕ್ಕೆ ಹೆಂಡತಿ ಮಕ್ಕಳಿಗೆ ರೋಗ ಹೆಚ್ಚಾಗಿ ತಗುಲಿರಲಿಲ್ಲ. ಆ ಮೇಲೆ ದೇಶ ದೇಶಗಳಲ್ಲಿ ಆರೋಗ್ಯಧಾಮಗಳು ಬಾಗಿಲು ಹಾಕುತ್ತ ಬಂದುವು.

ಎರಡನೆಯದು ನಮ್ಮ ತುಮಕೂರು ಜಿಲ್ಲೆಯ ಸಂಗತಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಹಳ್ಳಿಯವನಿಗೆ ತಿಳಿವಳಿಕೆ ಇಲ್ಲ, ಅವನು ಆಸ್ಪತ್ರೆಗೆ ಬರುವವನೇ ಅಲ್ಲ ಎಂಬುದು ಆಗ ದೊಡ್ಡವರ ನಂಬಿಕೆ. ಆ ಸಂಸ್ಥೆಯ ಬ್ಯಾನರ್ಜಿ, ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ಪೇಟೆಗಳಲ್ಲಿ ರೋಗಿಗಳ ಮನೆಗೇ ಹೋಗಿ ವಿಚಾರಿಸಿದ್ದನ್ನು 1963ರಲ್ಲಿ ಪ್ರಕಟಿಸಿದರು. ರೋಗವಿದ್ದವರಲ್ಲಿ ಬಹುಮಂದಿಗೆ ತಮ್ಮ ಕೆಮ್ಮು, ಜ್ವರದ ಅರಿವು ಇತ್ತು. ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿಯೂ ಇದ್ದರು. ಅಲ್ಲಿ ಸಿಕ್ಕಿದ್ದೇನು? ಒಂದು ಬಾಟ್ಲಿ ಕೆಮ್ಮಿನ ಔಷಧಿ! ತಪ್ಪು ಹಳ್ಳಿಯವನದಲ್ಲ, ಏರ್ಪಾಟಿನದು. ಕ್ಷಯಕ್ಕೆ ಬೇರೆ ಆಸ್ಪತ್ರೆಯನ್ನು ಕಾಯದೆ, ಸಾಮಾನ್ಯ ಆಸ್ಪತ್ರೆಯಲ್ಲಿಯೇ ಕಫ ಪರೀಕ್ಷೆ ಮಾಡಿ ಔಷಧಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂಥ ಅಧ್ಯಯನಗಳೇ ತಳಹದಿ.

ಇಲ್ಲಿ ನನ್ನ ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. ನಮ್ಮ ವಠಾರದಲ್ಲಿ ಲೇತ್ ಕೆಲಸದ ಹುಡುಗನೊಬ್ಬನಿದ್ದ, ಅವನೂ ತುಮಕೂರಿನ ಕಡೆಯವನೇ. ಎರಡು ತಿಂಗಳಿಂದ ಕೆಮ್ಮು. ಮಾಲೀಕರಿಗೆ ತಿಳಿದರೆ ಕೆಲಸ ಹೋದೀತು, ಮನೆಯವರಿಗೆ ತಿಳಿದರೆ ಕೋಣೆ ಬಿಡಿಸಿಯಾರು ಎಂದು ಅಂಗಡಿಯಿಂದ ಸಿರಪ್ ತಂದು ಕುಡಿಯುತ್ತಿದ್ದ. ಒಂದು ರಾತ್ರಿ ನನ್ನ ಬಳಿ ಬಂದು, “ರಾಯರೆ, ಊರಿಗೆ ಹೋಗಿಬಿಡ್ತೀನಿ, ಇಲ್ಲಿ ಸಾಯೋದು ಬೇಡ” ಎಂದ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫ ಪರೀಕ್ಷೆಗೆ ಕಾಸಿಲ್ಲ, ಔಷಧಿಗೂ ಕಾಸಿಲ್ಲ. ಅದೇ ಕೋಣೆಯಲ್ಲಿದ್ದುಕೊಂಡು ಆರು ತಿಂಗಳು ಒಂದು ದಿನವೂ ಬಿಡದೆ ಮಾತ್ರೆ ನುಂಗಿದ. ಕೆಲವೇ ವಾರಗಳಲ್ಲಿ, ವೈದ್ಯರ ಒಪ್ಪಿಗೆ ಪಡೆದು, ಕೆಲಸಕ್ಕೂ ಹೋದ. ಈಗ ಅವನಿಗೆ ಮದುವೆಯಾಗಿದೆ. ಅವನನ್ನು ಉಳಿಸಿದ್ದು ಆ ಮಾತ್ರೆ, ನಿಜ. ಆದರೆ ಅದನ್ನು ಮನೆಯಲ್ಲಿಯೇ ಕೊಡಬಹುದು ಎಂದು ತೋರಿಸಿಕೊಟ್ಟವರು ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಚೇತ್‌ಪಟ್‌ನಲ್ಲಿ ಕುಳಿತು ಲೆಕ್ಕ ಬರೆದವರು.

ಎಲ್ಲ ಸಂಶೋಧನೆಯೂ ಸಿಹಿ ಸುದ್ದಿ ತರುವುದಿಲ್ಲ. 1968ರಲ್ಲಿ ಆಗಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಪಟ್ಟಿಮಾಡಿ ಬಿ.ಸಿ.ಜಿ. ಲಸಿಕೆಯ ಪರೀಕ್ಷೆ ನಡೆಸಿದರು. ಹದಿನೈದು ವರ್ಷ ಬೆನ್ನು ಹತ್ತಿ ನೋಡಿದರೂ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ ಎಂದೇ ಬರೆಯಬೇಕಾಯಿತು. ಎಳೆಯ ಮಕ್ಕಳಿಗೆ ಬರುವ ಘೋರ ಕ್ಷಯವನ್ನು ಅದು ತಡೆಯುವುದರಿಂದ ಹುಟ್ಟಿದ ಕೂಸಿಗೆ ಇಂದಿಗೂ ಅದನ್ನು ಹಾಕಿಸಲೇಬೇಕು. ಆದರೆ ಒಲ್ಲದ ಉತ್ತರವನ್ನೂ ಮುಚ್ಚದೆ ಬರೆದರಲ್ಲ, ಅದು ದೊಡ್ಡತನ. ನಾವು ಗುಮಾಸ್ತರಿಗೆ ಇದು ಅರ್ಥವಾದೀತು. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ತಪ್ಪಿದರೆ ಒಬ್ಬನ ಕೂಲಿ ತಪ್ಪುತ್ತದೆ. ಆ ಪುಸ್ತಕದಲ್ಲಿ ತಪ್ಪಿದರೆ ಊರಿನ ಪ್ರಾಣವೇ ತಪ್ಪುತ್ತದೆ.

ಇಂಥ ಬರವಣಿಗೆ ತಾನಾಗಿ ಬರುವುದಿಲ್ಲ. ಮದರಾಸಿನ ಮೊದಲ ಕೆಲಸಕ್ಕೆ ಮುಂದಾಳು ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರು. ಅವರ ಜೊತೆ ದುಡಿದು ಕಲಿತ ನಮ್ಮವರು ಆಮೇಲೆ ತಾವೇ ನಡೆಸಿದರು. ಆ ಕಲಿಕೆಗೇ ಇಂದು ಸ್ನಾತಕೋತ್ತರ ಶಿಕ್ಷಣ ಎಂದು ಹೆಸರು. ಅದಕ್ಕೆ ಬೇರೆಲ್ಲಿಗೋ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಅಯಪಾಕ್ಕಂನಲ್ಲಿ ಈಗಿರುವ ರಾಷ್ಟ್ರೀಯ ಸಾಂಕ್ರಾಮಿಕ ರೋಗ ವಿಜ್ಞಾನ ಸಂಸ್ಥೆ 1999ರಲ್ಲಿ ರೂಪುಗೊಂಡಿತು. 2001ರಿಂದ ಅಲ್ಲಿ ವೈದ್ಯರಿಗೆ ಎರಡು ವರ್ಷದ ಶಿಕ್ಷಣ ಆರಂಭವಾಯಿತು. ಅದರಲ್ಲಿ ತರಗತಿಯ ಪಾಠ ಸ್ವಲ್ಪ, ಊರೂರಿನ ಕೆಲಸವೇ ಹೆಚ್ಚು. ವಾಂತಿಭೇದಿ ಎಲ್ಲಿಂದ ಹೊರಟಿತು, ಯಾವ ನಲ್ಲಿ, ಯಾವ ಬೀದಿ, ಯಾರಿಗೆ ಮೊದಲು ಎಂದು ಹುಡುಕುವುದೇ ಅವರ ಪಾಠ.

ಹೀಗೆ ಕಲಿತವರು ದೇಶದಲ್ಲಿ ಇಲ್ಲದಿದ್ದರೆ ಏನಾಗುತ್ತದೆ? ನಮ್ಮ ಹುಡುಗರು ಅನೇಕರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿದ್ದಾರೆ, ಆದ್ದರಿಂದ ಆ ಕಡೆಯ ಮಾತನ್ನೇ ಹೇಳುತ್ತೇನೆ. 2012ರಲ್ಲಿ ಸೌದಿ ಅರೇಬಿಯದ ಜಿದ್ದಾದಲ್ಲಿ ಒಬ್ಬ ರೋಗಿ ಹೊಸ ಬಗೆಯ ಶ್ವಾಸರೋಗದಿಂದ ತೀರಿಕೊಂಡ. ಅಲ್ಲಿ ಕೆಲಸದಲ್ಲಿದ್ದ ಅಲಿ ಮೊಹಮ್ಮದ್ ಝಕಿ ಎಂಬ ಈಜಿಪ್ಟಿನ ತಜ್ಞರು ಅದನ್ನು ಅಷ್ಟಕ್ಕೇ ಬಿಡದೆ, ಅದು ಇಂಥ ವೈರಸ್ ಎಂದು ಖಚಿತವಾಗಲು ಹಾಲೆಂಡಿನ ರಾಟರ್‌ಡ್ಯಾಮಿಗೆ ಕಳುಹಿಸಿದರು. ಮೆರ್ಸ್ ಎಂಬ ರೋಗ ಪ್ರಪಂಚಕ್ಕೆ ಗೊತ್ತಾದದ್ದು ಹಾಗೆ. ಆ ವೈರಸ್ಸಿನ ಹಕ್ಕು ಯಾರದೆಂಬ ವಾದವೂ ಎದ್ದಿತು. ಹಣವಿದ್ದ ದೇಶಕ್ಕೂ ಕಲಿತ ಕಣ್ಣು ಬೇಕು. ಅದನ್ನು ಅರಿತೇ 2009ರಲ್ಲಿ ಆ ದೇಶ ಮೇಲ್ಮಟ್ಟದ ಓದಿಗಾಗಿಯೇ ದೊಡ್ಡ ವಿಶ್ವವಿದ್ಯಾನಿಲಯವೊಂದನ್ನು ಕಟ್ಟಿತ್ತು. ಕಟ್ಟಡ ಬೇಗ ಏಳುತ್ತದೆ, ಪರಂಪರೆ ನಿಧಾನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನರಿಗೆ ಜ್ವರ ಬಂದಾಗ ಅದರ ವೈರಸ್ಸನ್ನು ಪುಣೆಯಲ್ಲಿಯೇ ಗುರುತಿಸಲು ಸಾಧ್ಯವಾದದ್ದು, ಅಲ್ಲಿ ಐದು ವರ್ಷ ಮೊದಲೇ, 1952ರಲ್ಲಿ, ಹೊರದೇಶದ ನೆರವು ಪಡೆದಾದರೂ ಒಂದು ಕೇಂದ್ರವನ್ನು ತೆರೆದಿದ್ದರಿಂದ.

ಈಗ ನಮ್ಮ ಸದಸ್ಯರ ಪ್ರಶ್ನೆಗೆ ಬರುತ್ತೇನೆ. ಸ್ವಾಮಿ, ಎರಡು ವರ್ಷ ಸಂಬಳ ತಡವಾಗುವುದು ಸಣ್ಣ ಮಾತಲ್ಲ; ಬಾಡಿಗೆ ಕಟ್ಟುವವನಿಗೆ ಅದರ ಭಾರ ಗೊತ್ತು. ವಿದ್ಯಾರ್ಥಿವೇತನ ಉಂಟೇ ಎಂದು ಸೇರುವ ಮೊದಲೇ ವಿಚಾರಿಸಿ, ಸಾಧ್ಯವಾದರೆ ಮಗಳನ್ನು ತಡೆಯಬೇಡಿ. ಚಿಕಿತ್ಸೆ ಕೊಡುವ ವೈದ್ಯೆ ದಿನಕ್ಕೆ ಐವತ್ತು ಜನರನ್ನು ನೋಡಿಯಾಳು. ಸರಿಯಾದ ಪ್ರಶ್ನೆಯೊಂದನ್ನು ಕೇಳುವ ವೈದ್ಯೆ, ತಾನು ಎಂದೂ ಕಾಣದವರನ್ನೂ ಉಳಿಸಬಲ್ಲಳು.

ನಮ್ಮ ಪಾಲಿನ ಕೆಲಸವೂ ಇದೆ. ಪಟ್ಟಿ ಹಿಡಿದು ಆರೋಗ್ಯದವರು ಬಾಗಿಲಿಗೆ ಬಂದರೆ ಯಾಕೆ, ಯಾರಿಗಾಗಿ ಎಂದು ಕೇಳಿ. ಅದು ನಿಮ್ಮ ಹಕ್ಕು. ಒಪ್ಪಿದರೆ ನಿಜವನ್ನೇ ಹೇಳಿ. ಎರಡು ವಾರ ಮೀರಿ ಕೆಮ್ಮು ನಿಂತರೆ ಸಿರಪ್ಪಿಗೆ ಹೋಗದೆ ಕಫ ಪರೀಕ್ಷೆಗೆ ಹೋಗಿ. ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಪಕ್ಕದ ಕೋಣೆಯವನಿಗೆ ರೋಗ ಬಂತೆಂದು ಅವನನ್ನು ಹೊರಡಿಸಬೇಡಿ. ಅವನು ಅಲ್ಲಿಯೇ ಇದ್ದು ಗುಣವಾಗಬಲ್ಲನೆಂದು ಇದೇ ಊರು ಲೋಕಕ್ಕೆ ತೋರಿಸಿಕೊಟ್ಟಿದೆ.