ಪ್ರಯೋಗಾಲಯದವರಿಗೆ ಸಲ್ಲುವ ಮನ್ನಣೆ



ನಿಮ್ಮ ಮನೆಯ ಬೀರುವಿನಲ್ಲಿ ಹಳೆಯ ರಕ್ತಪರೀಕ್ಷೆಯ ವರದಿಗಳು ಒಂದೆರಡಾದರೂ ಇದ್ದೇ ಇರುತ್ತವೆ. ಒಂದನ್ನು ತೆಗೆದು ನೋಡಿ. ಮೇಲೆ ಆಸ್ಪತ್ರೆಯ ಹೆಸರು, ಕೆಳಗೆ ನಿಮ್ಮ ಹೆಸರು ಮತ್ತು ವಯಸ್ಸು, ಪರೀಕ್ಷೆ ಬರೆದುಕೊಟ್ಟ ವೈದ್ಯರ ಹೆಸರು, ಕೊನೆಯಲ್ಲಿ ಒಬ್ಬ ತಜ್ಞರ ಸಹಿ. ಆದರೆ ಆ ಅಂಕಿಗಳನ್ನು ತೆಗೆದವರು ಯಾರು? ಅನೇಕ ವರದಿಗಳಲ್ಲಿ ಅವರ ಹೆಸರೇ ಇರುವುದಿಲ್ಲ. ಇದ್ದರೂ ಮೂಲೆಯಲ್ಲಿ ಎರಡು ಅಕ್ಷರ. ಹೀಗೆ ಹೆಸರಿಲ್ಲದೆ ದುಡಿಯುವ ವೈದ್ಯಕೀಯ ಪ್ರಯೋಗಾಲಯ ವಿಜ್ಞಾನಿಗಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು, ತಮ್ಮವರನ್ನು ತಾವೇ ಗುರುತಿಸಿ ಪ್ರಶಸ್ತಿ ಕೊಡುತ್ತಾ ಬಂದಿದ್ದಾರೆ. ಆ ವಿಚಾರವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ದೂರದರ್ಶನದ ಕೆಲಸದಲ್ಲಿ ಸನ್ಮಾನ ಸಮಾರಂಭಗಳನ್ನು ಚಿತ್ರೀಕರಿಸುವುದು ನಮಗೆ ನಿತ್ಯದ ಮಾತು. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ. ಸನ್ಮಾನಿತರು ಗಾಯಕರಾದರೆ ಅವರ ಹಾಡನ್ನು ಒಂದು ನಿಮಿಷ ತೋರಿಸಬಹುದು, ಆಟಗಾರರಾದರೆ ಅವರ ಆಟವನ್ನು ತೋರಿಸಬಹುದು. ಪ್ರಯೋಗಾಲಯದವರ ಸಾಧನೆಯನ್ನು ಹೇಗೆ ತೋರಿಸುವುದು? ಯಂತ್ರ, ಗಾಜಿನ ನಳಿಕೆಗಳು, ಬಿಳಿ ಕೋಟು – ಅಷ್ಟಕ್ಕೆ ಮುಗಿಯಿತು. ಸರಿಯಾಗಿ ಬಂದ ವರದಿಗೆ ದೃಶ್ಯವೇ ಇಲ್ಲ. ಹಿಂದೆ ಪ್ರಸಾರ ನಿಂತಾಗ 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ಫಲಕ ಬರುತ್ತಿತ್ತಲ್ಲ, ನಮ್ಮ ತಾಂತ್ರಿಕ ವರ್ಗದವರು ಇದ್ದಾರೆಂದು ವೀಕ್ಷಕರಿಗೆ ನೆನಪಾಗುತ್ತಿದ್ದುದು ಆ ಫಲಕ ಬಂದಾಗಲೇ. ಲ್ಯಾಬಿನವರ ಸ್ಥಿತಿಯೂ ಹಾಗೆಯೇ.

ಒಂದು ಉದಾಹರಣೆ ಕೊಡುತ್ತೇನೆ. ರಾತ್ರಿ ಪಾಳಿಯಲ್ಲಿ ವಾರ್ಡಿನಿಂದ ರಕ್ತದ ಮಾದರಿಯೊಂದು ಬರುತ್ತದೆ ಎಂದುಕೊಳ್ಳಿ. ಪೊಟ್ಯಾಸಿಯಂ ವಿಪರೀತ ಹೆಚ್ಚಾಗಿದೆ. ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರಬೇಕಾದುದು 9 ತೋರಿಸುತ್ತಿದೆ. ಆ ಮಟ್ಟದಲ್ಲಿ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಯಂತ್ರ ಸರಿಯಾಗಿದೆ, ವರದಿ ಕಳುಹಿಸಿದರೆ ಯಾರೂ ತಪ್ಪೆನ್ನಲಾರರು. ಆದರೆ ಮೇಜಿನ ಮುಂದೆ ಕುಳಿತವರ ಕಣ್ಣು ಅದೇ ಮಾದರಿಯ ಕ್ಯಾಲ್ಸಿಯಂ ಮೇಲೆ ಬೀಳುತ್ತದೆ. ಅದು ನಂಬಲಾಗದಷ್ಟು ಕಡಿಮೆ. ಎರಡೂ ಒಟ್ಟಿಗೆ ಹೀಗಾಗುವುದಕ್ಕೆ ಒಂದು ಸರಳ ಕಾರಣವಿದೆ. ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣವನ್ನು ಹಾಕಿರುತ್ತಾರೆ. ಅದು ಕ್ಯಾಲ್ಸಿಯಮ್ಮನ್ನು ಹಿಡಿದು ಕಟ್ಟಿಹಾಕುತ್ತದೆ. ಅವಸರದಲ್ಲಿ ಯಾರೋ ಆ ನಳಿಕೆಯ ರಕ್ತವನ್ನು ಇನ್ನೊಂದಕ್ಕೆ ಸುರಿದಿದ್ದಾರೆ! ಲ್ಯಾಬಿನಿಂದ ವಾರ್ಡಿಗೆ ಫೋನ್ ಹೋಗುತ್ತದೆ, ಹೊಸ ಮಾದರಿ ಬರುತ್ತದೆ, ಪೊಟ್ಯಾಸಿಯಂ 4.2. ರೋಗಿಗೆ ಬೇಡದ ಔಷಧಿ ತಪ್ಪಿತು. ಬೆಳಿಗ್ಗೆ ಎದ್ದ ರೋಗಿಗೆ ಇದೇನೂ ಗೊತ್ತಿಲ್ಲ, ಅವರ ಮನೆಯವರಿಗೂ ಗೊತ್ತಿಲ್ಲ. ಎಷ್ಟೋ ವೇಳೆ, ಮತ್ತೆ ರಕ್ತ ತೆಗೆಯಬೇಕಾಯಿತೆಂಬ ಅಸಮಾಧಾನದ ಮಾತು ಲ್ಯಾಬಿನವರ ಪಾಲಿಗೆ ಬಂದಿರುತ್ತದೆ.

ಇಂಥ ಕೆಲಸಕ್ಕೆ ಮನ್ನಣೆ ಬೇಡುವ ಮೊದಲು ಹೆಸರಿಗಾಗಿಯೇ ಇವರು ಹೋರಾಡಬೇಕಾಯಿತು. ಬ್ರಿಟನ್ನಿನಲ್ಲಿ 1912ರಲ್ಲಿ ಆಲ್ಬರ್ಟ್ ನಾರ್ಮನ್ ಎಂಬುವರ ಮುಂದಾಳತ್ವದಲ್ಲಿ ಸಂಘ ಹುಟ್ಟಿದಾಗ ಅದು ಪ್ರಯೋಗಾಲಯ 'ಸಹಾಯಕ'ರ ಸಂಘ. 1940ರ ದಶಕದಲ್ಲಿ 'ತಂತ್ರಜ್ಞಾನ' ಎಂಬ ಪದ ಹೆಸರಿನೊಳಗೆ ಬಂತು, 1970ರ ದಶಕದಲ್ಲಿ 'ವಿಜ್ಞಾನ' ಬಂತು. ಅದು ಈಗ ಜೈವಿಕ ವೈದ್ಯಕೀಯ ವಿಜ್ಞಾನ ಸಂಸ್ಥೆ. ಅಮೆರಿಕದಲ್ಲೂ ಇದೇ ಕಥೆ. 1933ರಲ್ಲಿ ಟೆಕ್ನೀಷಿಯನ್ನರ ಸಂಘವಾಗಿ ಆರಂಭವಾದದ್ದು ಕೆಲವೇ ವರ್ಷಗಳಲ್ಲಿ ಟೆಕ್ನಾಲಜಿಸ್ಟರ ಸಂಘವಾಯಿತು. 1993ರಲ್ಲಿ ಕ್ಲಿನಿಕಲ್ ಲ್ಯಾಬೊರೇಟರಿ ಸೈನ್ಸ್ ಸಂಘ ಎಂಬ ಇಂದಿನ ಹೆಸರು ಪಡೆಯಿತು. ಫಲಕದ ಮೇಲಿನ ಒಂದು ಪದಕ್ಕಾಗಿ ಅರವತ್ತು ವರ್ಷ! ಹೊರಗಿನವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಸಹಾಯಕ ಎಂದು ಕರೆಸಿಕೊಂಡವರ ಮಾತನ್ನು ವಾರ್ಡಿನಲ್ಲಿ ಎಷ್ಟು ಜನ ಕೇಳುತ್ತಾರೆ ಎಂದು ಯೋಚಿಸಿದರೆ ಹಾಗೆನಿಸದು.

ಈ ಸಂಘಗಳು ಕೊಡುವ ಪ್ರಶಸ್ತಿಗಳತ್ತ ಬರೋಣ. ಬ್ರಿಟನ್ನಿನ ಸಂಸ್ಥೆ ತನ್ನ ಆರಂಭದ ದಿನಗಳಲ್ಲಿ ಬೆನ್ನಿಗೆ ನಿಂತ ಪ್ರಾಧ್ಯಾಪಕ ಸಿಮ್ಸ್ ವುಡ್‌ಹೆಡ್ ಅವರ ಹೆಸರಿನಲ್ಲಿ ಪದಕ ಕೊಡುತ್ತದೆ. ಅಮೆರಿಕದ ಸಂಘದಲ್ಲಿ ವರ್ಷದ ಸದಸ್ಯರು, ಜೀವಮಾನದ ಸಾಧನೆ, ಸಂಘಕ್ಕೆ ವಿಶೇಷ ಸೇವೆ ಸಲ್ಲಿಸಿದವರಿಗೆ ರಾಬಿನ್ ಮೆಂಡೆಲ್ಸನ್ ಸ್ಮಾರಕ ಪ್ರಶಸ್ತಿ ಮುಂತಾದವು ಇವೆ. ನನಗೆ ಹೆಚ್ಚು ಹಿಡಿಸಿದವು ಚಿಕ್ಕವು. 'ಓಮಿಕ್ರಾನ್ ಸಿಗ್ಮಾ' ಎಂಬ ಗೌರವಪಟ್ಟಿಯಲ್ಲಿ ರಾಜ್ಯ, ಪ್ರಾಂತ, ರಾಷ್ಟ್ರ ಎಂಬ ಮೂರು ಹಂತಗಳಲ್ಲಿ ಸ್ವಯಂಸೇವೆ ಮಾಡಿದವರ ಹೆಸರುಗಳನ್ನು ಸೇರಿಸುತ್ತಾರೆ. 'ಭವಿಷ್ಯದ ಕೀಲಿಕೈ' ಎಂಬರ್ಥದ ಇನ್ನೊಂದು ಗೌರವ, ಮುಂದೆ ನಾಯಕರಾಗಬಲ್ಲ ಹೊಸಬರಿಗೆ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಹುಡುಗಿಯೊಬ್ಬಳಿಗೆ 'ನಿನ್ನನ್ನು ಗಮನಿಸಿದ್ದೇವೆ' ಎಂದು ಹಿರಿಯರು ಹೇಳಿದರೆ, ಅವಳು ಈ ವೃತ್ತಿಯಲ್ಲಿ ಉಳಿಯುವ ಸಂಭವ ಹೆಚ್ಚು.

ಆದರೂ ಒಂದು ಮಾತು ಹೇಳಲೇಬೇಕು. ಇವುಗಳಲ್ಲಿ ಹೆಚ್ಚಿನವು ಸಂಘದ ಸೇವೆಗೆ, ಸಂಶೋಧನಾ ಲೇಖನಕ್ಕೆ, ಇಲ್ಲವೆ ಬೋಧನೆಗೆ ಸಲ್ಲುತ್ತವೆ. ಸಂಘ ತನ್ನ ಕಣ್ಣಿಗೆ ಬಿದ್ದದ್ದನ್ನು ಗೌರವಿಸುವುದು ಸಹಜ. ಸಭೆಗೆ ಬಂದವರು ಕಾಣುತ್ತಾರೆ, ಲೇಖನ ಬರೆದವರು ಕಾಣುತ್ತಾರೆ. ರಾತ್ರಿ ಮೂರು ಗಂಟೆಗೆ ಕ್ಯಾಲ್ಸಿಯಂ ನೋಡಿದವರು ಕಾಣುವುದಿಲ್ಲ. ಅವರ ಹೆಸರನ್ನು ಸೂಚಿಸಿ ಪತ್ರ ಬರೆಯಲು ಅಲ್ಲಿ ಇನ್ನೊಬ್ಬರು ಇರುವುದೇ ಇಲ್ಲ. ಮನ್ನಣೆಯ ಹಸಿವಿನಿಂದಲೇ ಇರಬೇಕು, ವೈದ್ಯರ ತೀರ್ಮಾನಗಳಲ್ಲಿ ನೂರಕ್ಕೆ ಎಪ್ಪತ್ತು ಲ್ಯಾಬಿನ ವರದಿಯನ್ನೇ ಅವಲಂಬಿಸಿವೆ ಎಂಬ ಮಾತು ಈ ವೃತ್ತಿಯ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ಅಂಕಿಯ ಹಿಂದೆ ಗಟ್ಟಿಯಾದ ಅಧ್ಯಯನವಿಲ್ಲ. ಅಳತೆಯ ನಿಖರತೆಯೇ ಪ್ರಾಣವಾದ ವೃತ್ತಿಗೆ ಅದು ಶೋಭಿಸದು, ಅಗತ್ಯವೂ ಇಲ್ಲ.

ಹಾಗಾದರೆ ಮೇಜಿನ ಕೆಲಸದ ಒಳ್ಳೆಯತನವನ್ನು ಅಳೆಯಲು ಬರುತ್ತದೆಯೇ? ಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಲ್ಕ್ ಮತ್ತು ಸಂಡರ್ಮನ್ ಎಂಬ ಇಬ್ಬರು ಒಂದೇ ದ್ರಾವಣವನ್ನು ಐವತ್ತಕ್ಕೂ ಹೆಚ್ಚು ಆಸ್ಪತ್ರೆಗಳ ಲ್ಯಾಬುಗಳಿಗೆ ಕಳುಹಿಸಿದರು. 1947ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಒಂದೇ ದ್ರಾವಣಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಕಾರ್ಖಾನೆಗಳ ಗುಣಮಟ್ಟದ ನಕ್ಷೆಯನ್ನು ಲ್ಯಾಬಿಗೆ ತಂದರು. ಗೊತ್ತಿರುವ ಮಾದರಿಯೊಂದನ್ನು ದಿನವೂ ಪರೀಕ್ಷಿಸಿ ಹಾಳೆಯ ಮೇಲೆ ಚುಕ್ಕೆ ಇಡುತ್ತಾ ಹೋಗುವುದು, ಅಷ್ಟೇ. 1981ರಲ್ಲಿ ಜೇಮ್ಸ್ ವೆಸ್ಟ್‌ಗಾರ್ಡ್ ಮತ್ತು ಸಂಗಡಿಗರು ಆ ಚುಕ್ಕೆಗಳನ್ನು ಓದುವ ನಿಯಮಗಳನ್ನು ಕೊಟ್ಟರು. ಸತತ ಹತ್ತು ಚುಕ್ಕೆಗಳು ನಡುಗೆರೆಯ ಒಂದೇ ಬದಿಗೆ ಬಿದ್ದರೆ, ಪ್ರತಿಯೊಂದೂ ಮಿತಿಯೊಳಗೇ ಇದ್ದರೂ, ಯಂತ್ರ ಎಲ್ಲೋ ಜಾರುತ್ತಿದೆ ಎಂದರ್ಥ. ಅದನ್ನು ಕಂಡು, ಹೊರಗೆ ಸಾಲು ನಿಂತಿರುವಾಗಲೇ ಯಂತ್ರ ನಿಲ್ಲಿಸುವ ಧೈರ್ಯ ಬೇಕಲ್ಲ, ಪ್ರಶಸ್ತಿಗೆ ಅರ್ಹವಾದದ್ದು ಅದು.

ನಮ್ಮ ದೇಶದ ಮಾತಿಗೆ ಬಂದರೆ, ಜೀವರಸಾಯನಶಾಸ್ತ್ರ ಓದಿದವರಿಗೆ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ಮೊದಲು ಪರಿಚಯವಾಗುವುದು ಲ್ಯಾಬಿನಲ್ಲೇ. ಭೀಮಾವರಂನಲ್ಲಿ ಹುಟ್ಟಿದ ಅವರು ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಅವರೊಡನೆ 1925ರಲ್ಲಿ ಪ್ರಕಟಿಸಿದ ರಂಜಕ ಅಳೆಯುವ ವಿಧಾನ ಇಂದಿಗೂ ಪಠ್ಯಪುಸ್ತಕಗಳಲ್ಲಿ ಅವರಿಬ್ಬರ ಹೆಸರಿನಲ್ಲೇ ಇದೆ. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಅವರು 1948ರಲ್ಲಿ ತೀರಿಕೊಂಡರು, ನಮ್ಮ ಅಂಚೆ ಇಲಾಖೆ ಅಂಚೆಚೀಟಿ ತಂದದ್ದು 1995ರಲ್ಲಿ. ಅಷ್ಟು ವರ್ಷವೂ ವಿದ್ಯಾರ್ಥಿಗಳು ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಅವರ ಹೆಸರು ಬರೆಯುತ್ತಲೇ ಇದ್ದರು.

ಭಾರತದ ಕ್ಲಿನಿಕಲ್ ಬಯೋಕೆಮಿಸ್ಟರ ಸಂಘವೂ ತನ್ನ ವಾರ್ಷಿಕ ಸಮ್ಮೇಳನದಲ್ಲಿ ಸ್ಮಾರಕ ಉಪನ್ಯಾಸಗಳನ್ನು ಏರ್ಪಡಿಸುತ್ತದೆ, ಒಳ್ಳೆಯ ಪ್ರಬಂಧಗಳಿಗೆ ಬಹುಮಾನ ಕೊಡುತ್ತದೆ. ಅಲ್ಲೂ ಉಪನ್ಯಾಸ ಪ್ರಾಧ್ಯಾಪಕರಿಗೆ, ಬಹುಮಾನ ಪ್ರಬಂಧಕ್ಕೆ. ಲ್ಯಾಬ್ ತಂತ್ರಜ್ಞರೂ ಸೇರಿದಂತೆ ಆರೋಗ್ಯ ಸೇವೆಯ ಹಲವು ವೃತ್ತಿಗಳಿಗೆ ರಾಷ್ಟ್ರಮಟ್ಟದ ಆಯೋಗ, ನೋಂದಣಿ ಇರಬೇಕೆಂಬ ಕಾಯಿದೆ ನಮ್ಮಲ್ಲಿ ಬಂದದ್ದೇ 2021ರಲ್ಲಿ. ಹೆಸರಿನ ಹೋರಾಟ ಇಲ್ಲಿ ಈಗಷ್ಟೇ ಒಂದು ಮೆಟ್ಟಿಲು ಹತ್ತಿದೆ.

ಅದೇ ಸಂಘ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನೊಡನೆ ಸೇರಿ ಇನ್ನೊಂದು ಕೆಲಸ ನಡೆಸಿಕೊಂಡು ಬಂದಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಪೆನ್ಸಿಲ್ವೇನಿಯಾದ ಆ ಇಬ್ಬರು ಮಾಡಿದಂತೆಯೇ ದೇಶದ ಲ್ಯಾಬುಗಳಿಗೆ ವೆಲ್ಲೂರಿನಿಂದ ಮಾದರಿಗಳು ಹೋಗುತ್ತವೆ. ಉತ್ತರಗಳನ್ನು ಹೋಲಿಸಿ, ನೀವು ಎಷ್ಟು ಸರಿ, ಎಷ್ಟು ದೂರ ಎಂದು ಪ್ರತಿ ಲ್ಯಾಬಿಗೂ ತಿಳಿಸುತ್ತಾರೆ. ವರ್ಷವಿಡೀ ಹತ್ತಿರದಲ್ಲೇ ಉಳಿದ ಲ್ಯಾಬು ಒಂದು ಜಿಲ್ಲಾ ಆಸ್ಪತ್ರೆಯದೂ ಆಗಿರಬಹುದು. ಸಮ್ಮೇಳನದ ವೇದಿಕೆಗೆ ಯಾರನ್ನು ಕರೆಯಬೇಕೆಂಬ ಪ್ರಶ್ನೆಗೆ ಉತ್ತರ ಆ ಕಾಗದಗಳಲ್ಲಿ ಆಗಲೇ ಇದೆ. ಆ ಲ್ಯಾಬಿನ ಮುಖ್ಯಸ್ಥರಿಗೆ ಪತ್ರ ಬರೆದು, ಮೇಜಿನ ಮುಂದೆ ಕುಳಿತವರು ಯಾರೆಂದು ಕೇಳಿದರಾಯಿತು. ಈಗ ಆ ಹಾಳೆಯ ಮೇಲೆ ಲ್ಯಾಬಿನ ನೋಂದಣಿ ಸಂಖ್ಯೆ ಮಾತ್ರ ಇರುತ್ತದೆ.